ನಿಂಬೆಹಣ್ಣು ಹತ್ತಿಸಿದ ಗುಡ್ಡ

ಸತ್ಯಪ್ರಕಾಶನ ಗ್ಯಾರೇಜಿನಲ್ಲಿ ಅವನ ಕಾರಿಗೇ ಜಾಗವಿರಲಿಲ್ಲ. ಪಕ್ಕದ ಮನೆಯ ಎಮ್ರಿಸ್ ಅಜ್ಜನ ಹಳೇ ಮೋಟಾರ್ ಸೈಕಲ್ಲು ಎರಡು ವರ್ಷದಿಂದ ಅಲ್ಲಿ ಬೀಡುಬಿಟ್ಟಿತ್ತು. ಅಜ್ಜನ ಮಗಳು ಈ ಗುಜರಿ ತನ್ನ ಕಣ್ಣಿಗೆ ಬೀಳಬಾರದೆಂದು ಕೂಗಾಡಿದ ದಿನ, "ನಾಲ್ಕು ದಿನ ನಮ್ಮಲ್ಲಿರಲಿ ಬಿಡಿ" ಎಂದವನು ಇವನೇ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಪರದೇಶದ ಈ ರಿಚ್ಮಂಡ್ ಹಿಲ್ಲಿನ ಗ್ಯಾರೇಜಿಗೂ ಸಲ್ಲುತ್ತದೆಂದು ಅವನಿಗೆ ಆಮೇಲೆ ತಿಳಿಯಿತು.

ಎರಡು ಚಳಿಗಾಲ ಕಾರು ಹೊರಗೆ ನಿಂತಿತು. ಬೆಳಿಗ್ಗೆ ಐದೂವರೆಗೆದ್ದು ಗಾಜಿನ ಮೇಲಿನ ಮಂಜುಗಡ್ಡೆ ಕೆರೆದೂ ಕೆರೆದೂ ಅವನ ಬಲಭುಜ ಹಿಡಿದುಕೊಂಡಿತ್ತು. "ಈ ಸಲ ಸ್ನೋ ಬೀಳೋದ್ರೊಳಗೆ ಅದು ಹೋಗ್ಲಿಲ್ಲಾಂದ್ರೆ ನಾನೇ ಹೋಗ್ತೀನಿ ನೋಡಿ" ಎಂದು ಹೆಂಡತಿ ವಸಂತಾ ಹೇಳಿಬಿಟ್ಟಿದ್ದಳು. ಅಂತೂ ಇಂತೂ ಅಜ್ಜ ಮಾರಲು ಒಪ್ಪಿದ. ಶನಿವಾರ ಬೆಳಿಗ್ಗೆ ಒಶಾವಾ ಊರಿನಿಂದ ಕೊಳ್ಳುವವನು ಬಂದೂಬಿಟ್ಟ.

ಅದೇ ದಿನ ಆಯುಧಪೂಜೆ. ವಾರದ ನಡುವೆ ಬಂದ ಹಬ್ಬವನ್ನು ಎಲ್ಲರೂ ಶನಿವಾರಕ್ಕೆ ಎಳೆದುಕೊಂಡಿದ್ದರು. ಬೀದಿಗೆಲ್ಲ ತಮ್ಮನ್ನು ತಾವೇ ಪುರೋಹಿತರಾಗಿ ನೇಮಿಸಿಕೊಂಡಿದ್ದ ಎದುರುಮನೆಯ ರಾಮಮೂರ್ತಿ, ಕಾರಿಗೆ ಕುಂಕುಮ ಹಚ್ಚಿ ಮುಗಿಸಿ ಗ್ಯಾರೇಜಿಗೆ ಇಣುಕಿದರು.

"ಇದಕ್ಕೆ ಪೂಜೆ ಇಲ್ವೇ?"

"ಅದು ನಮ್ದಲ್ಲ ಸಾರ್. ಇವತ್ತು ಹೋಗ್ತಿದೆ."

"ಹೋಗೋ ಗಾಡೀನ ಬೋಳುಬೋಳಾಗಿ ಕಳಿಸ್ತಾರೇನ್ರೀ? ವಸಂತಾ, ಎರಡು ನಿಂಬೆಹಣ್ಣು ಕೊಡಮ್ಮ."

ಮೋಟಾರ್ ಸೈಕಲ್ಲಿಗೆ ಚೆಂಡುಹೂವಿನ ಹಾರ ಬಿತ್ತು. ಕೊಳ್ಳಲು ಬಂದವನು ಕಾಫಿ ಕಪ್ಪು ಹಿಡಿದು ಬಾಯಿಬಿಟ್ಟು ನೋಡುತ್ತಿದ್ದ. ಅಜ್ಜ ಮಡಿಸುವ ಕುರ್ಚಿಯಲ್ಲಿ ಕೂತು, ಬೀದಿಗೆಲ್ಲ ಬಾಯಿಪಾಠವಾಗಿದ್ದ ಕತೆಯನ್ನು ತನ್ನ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಶುರುಮಾಡಿದ. ಎರಡನೇ ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ವೇಲ್ಸಿನ ಅವನ ಹಳ್ಳಿಯ ಹುಡುಗರು ಸೈನ್ಯ ಬೇಡವೆಂದ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿ, ರೇಷನ್ ಪೆಟ್ರೋಲನ್ನು ಹನಿಹನಿಯಾಗಿ ಕೂಡಿಟ್ಟು, ಕುರಿ ಮೇಯುವ ಕೆಸರು ಗುಡ್ಡದ ಮೇಲೆ ಪಂದ್ಯ ಕಟ್ಟುತ್ತಿದ್ದರು. ಪಾದ್ರಿ ಬೈಯುತ್ತಿದ್ದರಂತೆ, ಕುರಿಗಳು ಅಡ್ಡ ನುಗ್ಗುತ್ತಿದ್ದವಂತೆ. ಹದಿನೇಳರ ಎಮ್ರಿಸ್ ಪ್ರತಿ ಪಂದ್ಯದಲ್ಲೂ ಇದೇ ಗಾಡಿಯಲ್ಲಿ ಮುಕ್ಕಾಲು ಗುಡ್ಡ ಹತ್ತಿ ಬೀಳುತ್ತಿದ್ದ. "ತೊಂಬತ್ತಮೂರು ವಯಸ್ಸಾಯಿತು. ಈ ಗಾಡಿ ಒಂದು ಸಲವೂ ತುದಿ ನೋಡಲಿಲ್ಲ" ಎಂದು ಅಜ್ಜ ಎಂದಿನಂತೆ ಮೂಗು ಒರೆಸಿಕೊಂಡ.

"ಸರಿ, ನಿಂಬೆಹಣ್ಣು ತುಳಿಸ್ಬೇಕು. ಯಾರು ಕೂರ್ತೀರಿ?" ಎಂದರು ರಾಮಮೂರ್ತಿ.

"ಇವ್ರೇ ಕೂರ್ತಾರೆ. ಮೈಸೂರಲ್ಲಿ ದಿನಾ ಬೈಕಲ್ಲೇ ಕಾಲೇಜಿಗೆ ಹೋಗ್ತಿದ್ರು" ಎಂದಳು ವಸಂತಾ.

ಹೋಗುತ್ತಿದ್ದುದೇನೋ ನಿಜ, ಗೆಳೆಯನ ಹಿಂದಿನ ಸೀಟಿನಲ್ಲಿ. ಹೆಣ್ಣು ನೋಡಲು ಹೋದ ದಿನ ಈ ಚಿಕ್ಕ ವಿವರವನ್ನು ಅವನು ಉಪ್ಪಿಟ್ಟಿನ ಜೊತೆ ನುಂಗಿಬಿಟ್ಟಿದ್ದ. ಇಪ್ಪತ್ತೆಂಟು ವರ್ಷದ ಮೇಲೆ ಕಕ್ಕುವಂತಿರಲಿಲ್ಲ. ಅರ್ಧ ಅಡಿಯ ಮಾತು ತಾನೇ ಎಂದುಕೊಂಡು ಹತ್ತಿ ಕೂತ.

"ಗಟ್ಟಿಯಾಗಿ ಹಿಡ್ಕೊಳ್ಳಿ, ನಾವು ತಳ್ತೀವಿ" ಎಂದರು ರಾಮಮೂರ್ತಿ. ಸತ್ಯಪ್ರಕಾಶ ಕೈಗೆ ಸಿಕ್ಕಿದ್ದನ್ನೆಲ್ಲ ಅದುಮಿ ಹಿಡಿದ. ನಾಲ್ಕು ಜನ ತಳ್ಳಿದರು. ಡ್ರೈವ್‌ವೇ ಇಳಿಜಾರು. ನಿಂಬೆಹಣ್ಣು ಪಚಕ್ಕೆಂದಿತು. ಆ ಸದ್ದಿಗೆ ಬೆಚ್ಚಿ ಎಡಗೈ ಸಡಿಲಿಸಿದ, ಕ್ಲಚ್ಚು ಬಿಟ್ಟಿತು. ಗಾಡಿ ಗೇರಿನಲ್ಲಿತ್ತು. ಕೊಳ್ಳುವವನಿಗೆ ಸದ್ದು ಕೇಳಿಸಲೆಂದು ಅಜ್ಜ ಬೆಳಿಗ್ಗೆಯೇ ಒಂದು ಲೋಟ ಪೆಟ್ರೋಲು ಹಾಕಿದ್ದ. ಇಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಗುಡುಗಿತು.

ರಸ್ತೆ ದಾಟಿತು. ಪಾರ್ಕಿನೊಳಗೆ ನುಗ್ಗಿತು. ಹುಲ್ಲಿನಲ್ಲಿ ಮೇಯುತ್ತಿದ್ದ ಬಾತುಗಳ ಹಿಂಡು ಬೈದುಕೊಂಡು ಹಾರಿತು. ಎದುರಿಗೆ, ಮಕ್ಕಳು ಚಳಿಗಾಲದಲ್ಲಿ ಜಾರುವ ಗುಡ್ಡ, ರಾತ್ರಿಯ ಮಳೆಗೆ ಕೆಸರಾಗಿ ಕಾದಿತ್ತು.

"ನಿಲ್ಲಿಸಬೇಡ! ಮುಂದಕ್ಕೆ ಬಾಗು!" ಎಂದು ಹಿಂದಿನಿಂದ ಅಜ್ಜ ಅರಚಿದ. ನಿಲ್ಲಿಸುವುದು ಹೇಗೆಂದೇ ತಿಳಿಯದ ಸತ್ಯಪ್ರಕಾಶ ಬಾಗಿದ. ಮುಕ್ಕಾಲು ಗುಡ್ಡದಲ್ಲಿ ಚಕ್ರ ಜಾರಿತು. "ತಾಯಿ ಚಾಮುಂಡಿ" ಎಂದು ಕಣ್ಣುಮುಚ್ಚಿ ಬಲಗೈ ಇನ್ನಷ್ಟು ತಿರುಚಿದ. ಗಾಡಿ ಒಮ್ಮೆ ಮುಕ್ಕಿರಿದು, ಕೆಸರು ಕಾರಿ, ತುದಿಗೆ ಹತ್ತಿತು. ಅಲ್ಲಿ ಪೆಟ್ರೋಲು ಮುಗಿದು ತಾನಾಗಿಯೇ ನಿಂತಿತು.

ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನು ಯಾವುದರ ತುದಿಯನ್ನೂ ಮೊದಲು ಮುಟ್ಟಿದವನಲ್ಲ. ಕಣ್ಣುಬಿಟ್ಟರೆ ಕೆಳಗೆ ಇಡೀ ಬೀದಿ ಚಪ್ಪಾಳೆ ತಟ್ಟುತ್ತಿತ್ತು. ಸೀರೆಯ ನೆರಿಗೆ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಓಡಿಬರುತ್ತಿದ್ದವಳು ವಸಂತಾ. ಅವನಿಗೆ ಅಳುವಷ್ಟು ಸಂತೋಷವಾಯಿತು.

ಗಾಡಿಯನ್ನು ಕೆಳಗಿಳಿಸಿದಾಗ ಕೊಳ್ಳುವವನು ಕುಣಿಯುತ್ತಿದ್ದ. ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಈಗಲೇ ಒಯ್ಯುತ್ತೇನೆ ಎಂದ. ಸತ್ಯಪ್ರಕಾಶ ಮನಸ್ಸಿನಲ್ಲಿ ಆಗಲೇ ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಿ ಬಾಗಿಲೆಳೆದಿದ್ದ.

ಅಜ್ಜ ತಲೆಯಾಡಿಸಿದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ತುದಿ ನೋಡಿದ ಗಾಡಿಯನ್ನು ಮಾರುವುದುಂಟೇ? ಇದು ಹತ್ತಿಸಿದವನದು" ಎಂದು ಹೇಳಿ, ತನ್ನ ಪಂದ್ಯದ ಹಳೇ ಚರ್ಮದ ಕೈಗವಸುಗಳನ್ನು ತರಿಸಿ ಸತ್ಯಪ್ರಕಾಶನ ಕೈಗೆ ತಾನೇ ತೊಡಿಸಿದ.

ಸತ್ಯಪ್ರಕಾಶ ಕಡೆಯ ಆಸೆಯಿಂದ ಹೆಂಡತಿಯತ್ತ ನೋಡಿದ. ಅವಳ ಕಣ್ಣುಗಳು ಮಿನುಗುತ್ತಿದ್ದವು.

"ಥ್ಯಾಂಕ್ಯೂ ಅಂಕಲ್" ಎಂದವಳು ಗಂಡನತ್ತ ತಿರುಗಿದಳು. "ರೀ, ಗ್ಯಾರೇಜಲ್ಲಿ ಮಧ್ಯಕ್ಕೇ ನಿಲ್ಸೋಣ. ಬಂದೋರಿಗೆಲ್ಲ ಕಾಣ್ಬೇಕು."

ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಐದೂವರೆಗೆ ಸತ್ಯಪ್ರಕಾಶ ಕಾರಿನ ಗಾಜು ಕೆರೆಯುತ್ತಿದ್ದ. ನಾಯಿ ಹಿಡಿದು ಬಂದ ರಾಮಮೂರ್ತಿ, "ಏನ್ ಚಾಂಪಿಯನ್, ಈ ವರ್ಷಾನೂ ಕಾರು ಹೊರಗೇನಾ?" ಎಂದರು. ಅವನು ಎದೆಯನ್ನು ಒಂದಿಂಚು ಮುಂದೆ ತಂದು ನಕ್ಕು, ಕೆರೆಯುವುದನ್ನು ಮುಂದುವರಿಸಿದ. ಭುಜ ನೋಯುತ್ತಿತ್ತು. ಚಾಂಪಿಯನ್ನನ ಕೈಗವಸು ಮಾತ್ರ ಬೆಚ್ಚಗಿತ್ತು.