ಜಮಖಾನದ ಮೇಲೊಂದು ಐರಿಶ್ ಪಿಟೀಲು

ಡಾಲಸ್ಸಿನ ಪಬ್ಬಿಗೆ ಜಮಖಾನ ಹೊತ್ತುಕೊಂಡು ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿದ್ದರೆ ಅವರು ನನ್ನ ಸೋದರಮಾವನೇ. ಅಂಥವರು ಇಬ್ಬರಿದ್ದರೆ ಟೆಕ್ಸಾಸ್ ತಡೆಯುವುದಿಲ್ಲ!

ಮಾವ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದವರು. ಮೈಸೂರಿನಲ್ಲಿ ಪಿಟೀಲು ಕಲಿತದ್ದು ಕರ್ನಾಟಕ ಸಂಗೀತಕ್ಕೆ, ಇಲ್ಲಿ ಮರುಳಾದದ್ದು ಐರಿಶ್ ಕುಣಿತದ ಮಟ್ಟುಗಳಿಗೆ. ಭಾನುವಾರ ಮಧ್ಯಾಹ್ನ ಆ ಪಬ್ಬಿನ ಮೂಲೆಯಲ್ಲಿ ಏಳೆಂಟು ಜನ ಮೇಜಿನ ಸುತ್ತ ಕೂತು ಅವನ್ನು ನುಡಿಸುತ್ತಾರೆ. ಅವರ ಮುತ್ತಜ್ಜಂದಿರು ಐರ್ಲೆಂಡ್ ಬಿಟ್ಟು ಬಂದವರಂತೆ. ಮಾವನನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ, ಎಲ್ಲವನ್ನೂ ಡೈರಿಗೆ ಇಳಿಸುವುದು ನನ್ನ ಚಟ.

ಮೊದಲ ಭಾನುವಾರ. ಮಾವ ಬಾಗಿಲಲ್ಲೇ ಶೂ ಬಿಚ್ಚಿದರು. ಮೇಜಿನ ಹಿಂದೆ ಜಮಖಾನ ಹಾಸಿ, ಚಕ್ಕಂಬಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿದರು. ಬಡಿಸುವ ಹುಡುಗಿ ಮೂರು ಸಲ ಬಂದು, "ಬಿದ್ದುಬಿಟ್ರಾ?" ಎಂದು ಕೇಳಿದಳು.

ಎರಡನೆಯ ಭಾನುವಾರ. ಅಲ್ಲಿ ಪ್ರತಿ ಮಟ್ಟನ್ನೂ ಮೂರು ಸುತ್ತು ನುಡಿಸಿ ಎಲ್ಲರೂ ಒಟ್ಟಿಗೆ ನಿಲ್ಲಿಸುವುದು ರೂಢಿ. ಎಲ್ಲರೂ ನಿಲ್ಲಿಸಿದ ಮೇಲೂ ಮಾವ ಕಣ್ಣು ಮುಚ್ಚಿ ಸ್ವರಪ್ರಸ್ತಾರಕ್ಕೆ ಇಳಿದರು. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ. ಬ್ಯಾಂಜೊದವನು ಅಷ್ಟರಲ್ಲಿ ಕಾಫಿ ಮುಗಿಸಿದ.

ಕೊಳಲಿನ ಅಜ್ಜಿಯೊಬ್ಬರು ಆ ಗುಂಪಿನ ಹಿರಿಯರು. ಅವರು ಯಾರತ್ತ ನೋಡುತ್ತಾರೋ ಅವರು ಮಟ್ಟು ಎತ್ತಬೇಕು, ಉಳಿದವರು ಸೇರಿಕೊಳ್ಳಬೇಕು. ಆ ಒಂದು ನೋಟಕ್ಕಾಗಿ ಮಾವ ಒಂದೇ ಮಟ್ಟನ್ನು ತಿಂಗಳುಗಟ್ಟಲೆ ತಿದ್ದಿದರು. ಆದರೆ ಮೇಜಿನ ಹಿಂದೆ ನೆಲದಲ್ಲಿ ಕೂತವರು ಯಾರ ಕಣ್ಣಿಗೆ ಬೀಳಬೇಕು? ಹನ್ನೊಂದು ಭಾನುವಾರ, ನೋಟ ಸೊನ್ನೆ.

"ಕುರ್ಚಿ ಮೇಲೆ ಕೂತ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದರು ಅತ್ತೆ.

"ನನ್ನ ಗುರುಗಳು ಕುರ್ಚಿ ಮೇಲೆ ಊಟಾನೂ ಮಾಡ್ಲಿಲ್ಲ ಕಣೇ."

"ಅವ್ರು ಪಬ್ಬಿಗೂ ಹೋಗ್ಲಿಲ್ಲ."

ಹನ್ನೆರಡನೆಯ ಭಾನುವಾರ ಮಾವ ಅರ್ಧಕ್ಕೇ ಕಮಾನು ಕೆಳಗಿಟ್ಟರು. "ಮುಂದಿನ ವಾರದಿಂದ ಬೇಡ ಬಿಡು," ಎಂದು ನನಗೆ ಮೆಲ್ಲಗೆ ಹೇಳಿದರು. ಪಿಟೀಲು ನಿಂತದ್ದು ಅಜ್ಜಿಗೆ ತಿಳಿಯಿತು. ಕೋಲೂರಿಕೊಂಡು ಮೇಜು ಸುತ್ತಿ ಬಂದರು.

"ನಿನ್ನದೊಂದು ಶುರು ಮಾಡಪ್ಪ. ನಾನೂ ಇಲ್ಲೇ ಕೂರ್ತೀನಿ. ನಿನ್ನ ಕೈ ಕಾಣಬೇಕು ನನಗೆ," ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ, ಮಂಡಿ ಬಗ್ಗಿಸತೊಡಗಿದರು. ಮುಖ ನೋವಿಗೆ ಕಿವುಚಿಕೊಂಡಿತು.

"ಬೇಡ, ಬೇಡ," ಎಂದು ಕನ್ನಡದಲ್ಲೇ ಹೇಳುತ್ತ ಮಾವ ಎದ್ದುನಿಂತರು. ಎರಡು ಕುರ್ಚಿ ಎಳೆದು, ಒಂದರಲ್ಲಿ ಅವರನ್ನು ಕೂರಿಸಿ, ಇನ್ನೊಂದರಲ್ಲಿ ತಾವೇ ಕೂತರು!

ಮಟ್ಟು ಎತ್ತಿದರು. ಪಾದದ ಆಸರೆಯಿಲ್ಲದ ಪಿಟೀಲು ಜಾರಿತು, ಸ್ವರವೂ ಜಾರಿತು. ಅಜ್ಜಿ ಕೊಳಲನ್ನು ಮಡಿಲಲ್ಲಿ ಇಟ್ಟುಕೊಂಡರು. ಬಾಗಿ, ಪಿಟೀಲಿನ ತುದಿಯನ್ನು ಅಂಗೈಯಲ್ಲಿ ಹೊತ್ತು, ಮೂರು ಸುತ್ತೂ ಮುಗಿಯುವವರೆಗೆ ಹಾಗೇ ಹಿಡಿದುಕೊಂಡಿದ್ದರು.