ಹೊಗೆಗೆ ಬದಲು ಹಪ್ಪಳ

ಕಂಡವರ ಜಗಳ ಬಗೆಹರಿಸುವುದು ನನಗೆ ಬಹಳ ಸಲೀಸು. ಜಗಳ ಎಷ್ಟು ದೂರದ್ದೋ ಅಷ್ಟು ಸಲೀಸು. ಪಕ್ಕದ ಮನೆಯದ್ದಾದರೆ ಸ್ವಲ್ಪ ಕಷ್ಟ; ನಮ್ಮ ಮನೆಯದ್ದೇ ಆದರೆ ಚೀಲ ಹಿಡಿದು ಪೇಟೆಗೆ ಹೋಗಿಬಿಡುತ್ತೇನೆ. ಹಾಗಾಗಿ, ವಿಮಾನಗಳ ಹೊಗೆಯ ಬಗ್ಗೆ ದೇಶದೇಶಗಳು ಮಾಡಿಕೊಂಡ ಒಪ್ಪಂದವನ್ನು ಕನ್ನಡಕ್ಕೆ ಅನುವಾದಿಸುವ ಕೆಲಸ ಸಿಕ್ಕಾಗ ಭಾರೀ ಖುಷಿಯಾಯಿತು. ನಾನು ಈವರೆಗೆ ವಿಮಾನ ಹತ್ತಿದವನಲ್ಲ. ಬೆಂಗಳೂರಿಗೆ ಹೋಗಬೇಕೆಂದರೂ ತಾಳಗುಪ್ಪದಿಂದ ಬರುವ ರೈಲೇ ಗತಿ. ಹೊಸನಗರದ ಓಣಿಯಲ್ಲಿ ಕೂತ ನನ್ನಂಥ ನಿಷ್ಪಕ್ಷಪಾತಿ ಅವರಿಗೆ ಇನ್ನೆಲ್ಲಿ ಸಿಗಬೇಕು!

ಅವರ ಜಗಳ ಇಷ್ಟೇ. ಒಂದು ದೇಶದೊಳಗೇ ಹಾರುವ ವಿಮಾನದ ಹೊಗೆ ಆ ದೇಶದ ಲೆಕ್ಕಕ್ಕೆ. ಒಂದು ದೇಶದಲ್ಲಿ ಎದ್ದು ಇನ್ನೊಂದರಲ್ಲಿ ಇಳಿಯುವ ವಿಮಾನದ ಹೊಗೆ ಯಾರದ್ದು? ಹತ್ತಿಸಿದವರದ್ದೋ, ಇಳಿಸಿಕೊಂಡವರದ್ದೋ, ನಡುವೆ ಗೊರಕೆ ಹೊಡೆದವರದ್ದೋ? ಎಲ್ಲರೂ ಸೇರಿ ಹೊರೋಣ ಎಂದು ಶ್ರೀಮಂತ ದೇಶಗಳು. ಇಷ್ಟು ಕಾಲ ಹಾರಿದವರು ನೀವು, ನಾವು ಈಗಷ್ಟೇ ಮೆಟ್ಟಿಲು ಹತ್ತುತ್ತಿದ್ದೇವೆ ಎಂದು ಉಳಿದವರು. ಕೊನೆಗೆ ಹೊಗೆಗೆ ಒಂದು ಮಟ್ಟ ಗೊತ್ತುಮಾಡಿಕೊಂಡರು. ಅದನ್ನು ಮೀರಿದ್ದಕ್ಕೆ ಪ್ರತಿಯಾಗಿ ವಿಮಾನ ಕಂಪನಿಗಳು ಬೇರೆಲ್ಲೋ ಗಿಡ ನೆಡಿಸುವಂಥ ಪುಣ್ಯಕಾರ್ಯಕ್ಕೆ ನೆರವಾದರಾಯಿತು. ಅದೂ ಮೊದಲು ಇಷ್ಟವಿದ್ದವರಿಗೆ ಮಾತ್ರ. ಕಡ್ಡಾಯವೆಲ್ಲ ಮುಂದಿನ ಹಂತದಲ್ಲಿ. ಅಬ್ಬಾ, ಎಂಥಾ ಜಾಣತನ ಎಂದು ತಲೆದೂಗಿ ನಾನು ಸ್ನಾನಕ್ಕೆ ಏಳುತ್ತಿದ್ದೆ.

ಸ್ನಾನ ನನ್ನ ದೌರ್ಬಲ್ಯ. ಬೆಳಿಗ್ಗೆಯೂ ಬೇಕು, ಸಂಜೆಯೂ ಬೇಕು. ಹಂಡೆಯ ನೀರೇ ಆಗಬೇಕು, ಮೈ ಕೆಂಪಾಗುವಷ್ಟು ಸುಡಬೇಕು. ಮನೆಯಲ್ಲಿ ಗೀಸರ್ ಇದೆ, ಆದರೆ ಅದರ ನೀರು ಮೈಗೆ ಹಿಡಿಯುವುದಿಲ್ಲ ಎಂಬುದು ನನ್ನ ವಾದ. ನಮ್ಮ ಬಚ್ಚಲೊಲೆಗೆ ತೆಂಗಿನ ಗರಿಯೋ ಅಡಿಕೆ ಸಿಪ್ಪೆಯೋ ತುರುಕಿದರೆ ಹೊಗೆ ನೇರ ಪಕ್ಕದ ಮನೆಯ ಶಾರದಮ್ಮನವರ ಜಗಲಿಗೆ ಹೋಗುತ್ತದೆ. ಅವರು ಅಲ್ಲೇ ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಅವರ ಆಚೆ ಬದಿಯ ಮನೆ ಗ್ಯಾರೇಜಿನ ಲೋಕಪ್ಪನವರದ್ದು. ಅವರೂ ಈಚೆಗೆ ಹೊಸ ಬಚ್ಚಲು ಕಟ್ಟಿಸಿದ್ದರಿಂದ ಎರಡೂ ಕಡೆಯ ಹೊಗೆ ಸೇರಿ ಶಾರದಮ್ಮನವರಿಗೆ ಕೆಮ್ಮು ಹತ್ತಿಕೊಂಡಿತು. "ಭಟ್ರೆ, ಮೇಲಿನ ಷಡ್ಜ ಹಿಡಿಯೋಕೇ ಆಗ್ತಿಲ್ಲ. ಹೀಗಾದ್ರೆ ಪಾಠ ನಿಲ್ಲಿಸ್ಬೇಕಾಗ್ತದೆ" ಎಂದರು. ಪಾಠವೆಂದರೆ ಅವರ ಜೀವ.

ಸರಿ, ನಮ್ಮ ಜಗಲಿಯ ಮೇಲೆ ಸಭೆ ಕರೆದೆ. ಲೋಕಪ್ಪನವರು ಕಾಫಿ ಲೋಟ ಕೆಳಗಿಡದೆ ಶುರುಮಾಡಿದರು. "ಎಂತ ಮಾರಾಯ್ರೆ, ನಿಮ್ಮ ಅಪ್ಪನ ಕಾಲದಿಂದ ಹೊಗೆ ಹಾಕ್ದೋರು ನೀವು. ನಾನು ನಿನ್ನೆ ಮೊನ್ನೆ ಒಲೆ ಹಚ್ದೋನು. ನನಗೂ ಅದೇ ನ್ಯಾಯವಾ?" ಈ ಮಾತನ್ನು ಬೆಳಿಗ್ಗೆಯಷ್ಟೇ ಅನುವಾದಿಸಿದ್ದೆ! ಉತ್ಸಾಹ ತಡೆಯದೆ ಇಡೀ ಒಪ್ಪಂದವನ್ನೇ ಓಣಿಗೆ ಇಳಿಸಿದೆ. ಹೋದ ವರ್ಷದಷ್ಟು ಹೊಗೆಗೆ ಯಾರೂ ಕೇಳುವಂತಿಲ್ಲ. ನೆಂಟರು ಬಂದು ಒಲೆ ಹೆಚ್ಚು ಉರಿದ ದಿನ ಶಾರದಮ್ಮನವರಿಗೆ ಹಲಸಿನ ಹಪ್ಪಳ. ಲೋಕಪ್ಪನವರು ಸದ್ಯಕ್ಕೆ ಇಷ್ಟವಿದ್ದರೆ ಕೊಡಲಿ.

"ಹಾಗಾದ್ರೆ ಹೊಗೆ ಕಮ್ಮಿ ಆಗೋದು ಯಾವಾಗ?" ಎಂದರು ಶಾರದಮ್ಮ.

"ಅದು ಮುಂದಿನ ಹಂತ" ಎಂದೆ.

ಆ ತಿಂಗಳು ನಮಗೆ ನೆಂಟರೋ ನೆಂಟರು. ಹಪ್ಪಳವೂ ತಪ್ಪದೆ ಹೋಯಿತು. ಹಪ್ಪಳ ಕೊಟ್ಟಿದ್ದೇವಲ್ಲ ಎಂಬ ಧೈರ್ಯಕ್ಕೆ ನಾನು ಇನ್ನೆರಡು ಗರಿ ಹೆಚ್ಚೇ ತುರುಕುತ್ತಿದ್ದೆ. ಒಂದು ಸಂಜೆ ಪಕ್ಕದ ಜಗಲಿಯಿಂದ ಮಕ್ಕಳ ದನಿಯೇ ಕೇಳಲಿಲ್ಲ. ಹೋಗಿ ನೋಡಿದರೆ ತಂಬೂರಿಗೆ ಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ನಮ್ಮ ಹಪ್ಪಳದ ಕಟ್ಟುಗಳು ಕಟ್ಟಿದ ದಾರ ಬಿಚ್ಚದೆ ಹಾಗೇ ಕೂತಿದ್ದವು.

"ತಿನ್ನಲಿಲ್ವಾ?" ಎಂದೆ.

"ಹಾಡೋ ಗಂಟಲಿಗೆ ಕರಿದದ್ದು ಆಗ್ತದಾ ಭಟ್ರೆ?" ಎಂದರು, ಕೆಮ್ಮುತ್ತಲೇ. "ನೀವು ಕೊಡೋದು ಬ್ಯಾಡ. ಹೊಗೆ ಹಾಕೋದು ಬಿಟ್ರೆ ಸಾಕು."

ನಾಚಿಕೆಯಾಯಿತು. ಮನೆಗೆ ಬಂದು ಗೀಸರ್ ಹಾಕಲು ಹೋದರೆ ಕರೆಂಟಿಲ್ಲ; ಸಂಜೆಯಾದರೆ ಅದು ಹೋಗುವುದೇ. ಲಿಂಗನಮಕ್ಕಿ ಅಣೆಕಟ್ಟಿನ ಪಕ್ಕದಲ್ಲೇ ಇದ್ದುಕೊಂಡು ನಮ್ಮ ಗತಿ ಇದು! ಹಟಕ್ಕೆ ಬಿದ್ದು ತಣ್ಣೀರನ್ನೇ ಸುರಿದುಕೊಂಡು "ಅಯ್ಯಯ್ಯಪ್ಪಾ!" ಎಂದು ಕೂಗಿದೆ. ಹೀಗೇ ನಾಲ್ಕು ಸಂಜೆ ಕೂಗಿದ ಮೇಲೆ ನೋಡುತ್ತೇನೆ, ಲೋಕಪ್ಪನವರ ಬಚ್ಚಲಿನಿಂದಲೂ ಹೊಗೆಯಿಲ್ಲ. ಕೇಳಿದ್ದಕ್ಕೆ "ನೀವು ಮೊದ್ಲು ನಿಲ್ಲಿಸ್ಲಿ ಅಂತ ಕಾಯ್ತಿದ್ದೆ" ಎಂದರು. ಮುಂದಿನ ವಾರ ಮಕ್ಕಳು ಬಂದರು. ನನ್ನ ಕೂಗು ಕೇಳಿ ಶಾರದಮ್ಮ ಪಾಠ ನಿಲ್ಲಿಸಿ, "ಭಟ್ರೆ, ಶ್ರುತಿ ಸೇರಲಿಲ್ಲ!" ಎಂದು ಗೋಡೆಯಾಚೆಯಿಂದ ನಕ್ಕರು. ಆ ನಗುವಿನ ನಡುವೆ ಕೆಮ್ಮು ಇರಲಿಲ್ಲ. ನಿಜ ಹೇಳುತ್ತೇನೆ, ಕಣ್ಣು ತುಂಬಿತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಹಂಡೆಗೆ ಬೆಂಕಿ ಹಚ್ಚುತ್ತಿದ್ದೆ. ಹೆಂಡತಿ ಸುಮಾ ಬಾಗಿಲಲ್ಲಿ ನಿಂತು, "ಅವರು ತಮ್ಮಷ್ಟಕ್ಕೆ ಅಭ್ಯಾಸ ಮಾಡೋದು ಬೆಳಿಗ್ಗೇನೇ, ಗೊತ್ತುಂಟಲ್ಲ?" ಎಂದಳು.

ಗೊತ್ತುಂಟು. ಗರಿಯನ್ನು ಇನ್ನಷ್ಟು ಒಳಗೆ ತಳ್ಳುತ್ತಾ ಹೇಳಿದೆ:

"ಅದು ಮುಂದಿನ ಹಂತ."