ಸಾಲೂ ಸಾಲಿಯೂ

ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ, ಕಂಡದ್ದನ್ನೆಲ್ಲ ತಿದ್ದುವ ರೋಗ. ನಾನು ಬೀಗರ ಲಗ್ನಪತ್ರಿಕೆ ತಿದ್ದಿ ಬೈಸಿಕೊಂಡಿದ್ದೇನೆ, ಖಾನಾವಳಿಯ ಬೋರ್ಡು ತಿದ್ದಿ ಊಟ ಕಳೆದುಕೊಂಡಿದ್ದೇನೆ. ಕೊನೆಗೆ ಒಂದು ಪ್ರೋಗ್ರಾಮಿಂಗ್ ಭಾಷೆಗೇ ಕೈ ಹಚ್ಚಿದೆ.

ಗದಗಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ನಾವು ಕಲಿಸುವ ಭಾಷೆಗೆ ಒಂದು ಕೆಟ್ಟ ಚಾಳಿ. ಬರೆ ಎಂದರೆ ಬರೆಯುತ್ತದೆ, ಆದರೆ ಕೆಳಗಿನ ಸಾಲಿಗೆ ಇಳಿ ಎಂದು ಬೇರೆ ಹೇಳದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಊರುಗಳ ಪಟ್ಟಿ ಬರೆಸಿದರೆ ಪರದೆಯ ಮೇಲೆ ‘ಮುಂಡರಗಿಶಿರಹಟ್ಟಿಲಕ್ಷ್ಮೇಶ್ವರ’ ಎಂದು ಬಂತು. “ಸರ್, ಈ ಊರಿಗೆ ಬಸ್ ಎಷ್ಟೊತ್ತಿಗೈತ್ರಿ?” ಎಂದಳು ಒಬ್ಬಳು.

ಬರೆದು ತಾನೇ ಕೆಳಗಿಳಿಯುವ ಹೊಸ ಫಂಕ್ಷನ್ ಬೇಕೆಂದು, ಆ ಭಾಷೆ ನೋಡಿಕೊಳ್ಳುವ ಪರದೇಶದ ಮಂದಿಗೆ ಪ್ರಸ್ತಾವ ಬರೆದೆ. ಒಪ್ಪಿದರೆ ಅದರ ಕೆಳಗೆ ನನ್ನ ಹೆಸರು ಉಳಿಯುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನ ಮಗನಿಗೆ ಇದು ಸಣ್ಣ ಮಾತಲ್ಲ. ಸ್ಟಾಫ್ ರೂಮಿನಲ್ಲಿ ಆಗಲೇ ಡಂಗುರ ಹೊಡೆದೂ ಆಗಿತ್ತು. ಬರಹಕ್ಕೆ ಮಣ್ಣಿನ ವಾಸನೆ ಇರಲೆಂದು ಒಂದು ಉಪಮೆ ಸೇರಿಸಿದೆ: ‘ಸಾಲಿನ ತುದಿ ಮುಟ್ಟಿದ ಎತ್ತು ತಾನಾಗಿ ತಿರುಗಿ ಮುಂದಿನ ಸಾಲು ಹಿಡಿಯುವಂತೆ ಇದು ಕೆಲಸ ಮಾಡಬೇಕು.’

ವಾರದ ಮೇಲೆ ಉತ್ತರ ಬಂತು. ‘ಹಾಗಾದರೆ ಎರಡನೇ ಸಾಲನ್ನು ಬಲದಿಂದ ಎಡಕ್ಕೆ ಬರೆಯಬೇಕೇ? ಸ್ಪಷ್ಟಪಡಿಸದಿದ್ದರೆ ಪ್ರಸ್ತಾವ ಕೈಬಿಡುತ್ತೇವೆ.’

ಸಿಟ್ಟು ನೆತ್ತಿಗೇರಿತು. ನಮ್ಮೂರು ಅಸುಂಡಿಗೆ ಹೋಗಿ, ನಾಲ್ಕನೇತ್ತಿಗೆ ಶಾಲೆ ಬಿಟ್ಟು ಹೊಲ ಹಿಡಿದ ಅಣ್ಣನ ಮುಂದೆ ಕೂಗಾಡಿದೆ. “ಅವರಿಗೇನ್ ತಿಳೀತೈತಿ ನಮ್ಮ ಎತ್ತಿನ ಖಬರ!”

ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿದ. “ಲೇ ತಮ್ಮಾ, ಅವರು ಖರೇನ ಹೇಳ್ಯಾರ. ಎತ್ತು ಆ ತುದಿಗಿ ಹೋಗಿ ಹೊಳ್ಳಿದ್ರ ಆ ಕಡಿಯಿಂದನ ಬರತಾವು. ನೀ ಬದುವಿನ ಮ್ಯಾಲ ಪುಸ್ತಕಾ ಹಿಡಕೊಂಡ ಕುಂಡರತಿದ್ದಿ, ಎತ್ತಿನ ಮಾರಿ ಯಾವಾಗ ನೋಡಿದಿ?”

“ಮತ್ತ ಏನಂತ ಬರೀಲಿ?”

“ಹೊಲದ ಸುದ್ದಿ ನಿನಗ್ಯಾಕ? ಸಾಲಿಗಿ ಹೋಗೋ ಒಂದನೇತ್ತಿ ಕೂಸು ಬಳಪ ಹಿಡದು ಪಾಟಿ ಮ್ಯಾಲ ಹೆಂಗ ಬರೀತೈತಿ? ಸಾಲು ಮುಗದ್ರ ಕೈ ಎತ್ತಿ, ಕೆಳಗ ಎಡಕ್ಕ ಇಡತೈತಿ. ಹಂಗ ಬರಿ.”

ಹಾಗೇ ಬರೆದೆ. ಒಪ್ಪಿದರು. ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ. “ಪಾಟಿ ಉಪಮೆ ಭಾರಿ ಐತ್ರಿ ಸರ್, ಹೆಂಗ ಹೊಳೀತು?” ಎಂದರು ಒಬ್ಬರು.

“ಸಾಲಿ ಕಲ್ತಿದ್ದಕ್ಕರಿ” ಎಂದೆ. ಸುಳ್ಳೇನಲ್ಲ. ಯಾರು ಕಲಿತದ್ದಕ್ಕೆ ಎಂದು ಅವರು ಕೇಳಲಿಲ್ಲ, ಅಷ್ಟೆ.